ನಗರದಲ್ಲಿ ಬೈಸಿಕಲ್ಲೂ ಕಾರೂ

ಕಾವೇರಿಯ ನಾಲೆಗಳ ನೀರುಂಡು ಹಸುರಾಗಿರುವ ಅರಕೆರೆಯ ಬಯಲಿನಿಂದ ಶ್ರೀರಂಗಪಟ್ಟಣದ ಕಡೆಗೆ ಹೊರಟ ಕಾರು, ಅಡೆತಡೆಯಿಲ್ಲದ ಹಾದಿಯಲ್ಲಿ ಗಂಟೆಗೆ 40 ಕಿಲೋಮೀಟರಿನಂತೆ ಸಾಗಿದರೆ, ಪ್ರತಿ ಕಿಲೋಮೀಟರಿಗೂ ಒಂದೂವರೆ ನಿಮಿಷ ಹಿಡಿಯುತ್ತದೆ. 15 ಕಿಲೋಮೀಟರು ವೇಗದ ಬೈಸಿಕಲ್ಲಿಗೆ ನಾಲ್ಕು ನಿಮಿಷ ಬೇಕು. ಇಲ್ಲಿ ಗೆಲವು ಯಾರದೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೆ ಅದೇ ಕಾರು, 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ಹೆದ್ದಾರಿಯನ್ನೇರಿ, ಮಂಡ್ಯ ಮದ್ದೂರುಗಳನ್ನು ಬಳಸಿ, ಬೆಂಗಳೂರನ್ನು ಹೊಕ್ಕಿತೆಂದರೆ ಗಣಿತವೇ ಬೇರೆಯಾಗುತ್ತದೆ.

ಟಾಮ್‌ಟಾಮ್ ಸಂಸ್ಥೆಯ ಗಣನೆಯಂತೆ, 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರು ಕ್ರಮಿಸಲು ಸರಾಸರಿ 29 ನಿಮಿಷ 10 ಸೆಕೆಂಡು ಹಿಡಿಯುತ್ತಿದ್ದಿತು. ಎಂದರೆ ಕಿಲೋಮೀಟರಿಗೆ ಸುಮಾರು ಮೂರು ನಿಮಿಷ. ಇಷ್ಟು ದೊಡ್ಡ ಯಂತ್ರವು ಬೈಸಿಕಲ್ಲಿನ ಮೇಲೆ ಗಳಿಸುವುದು ಕಿಲೋಮೀಟರಿಗೆ ಒಂದೇ ನಿಮಿಷ! ಪ್ರಯಾಣಕಾಲವಾದರೋ ಚಕ್ರ ಉರುಳುವ ಕಾಲವೊಂದೇ ಅಲ್ಲ. ಕಾರನ್ನು ಹೊರತೆಗೆಯುವುದು, ನಿಲ್ಲಿಸುವ ಜಾಗಕ್ಕಾಗಿ ಸುತ್ತುವುದು, ಅಲ್ಲಿಂದ ನಡೆದು ಹೋಗುವುದು, ಇವೆಲ್ಲವೂ ದೂರ ಹೆಚ್ಚಿದರೂ ಕುಗ್ಗಿದರೂ ಮಾರ್ಪಡದ ಸ್ಥಿರಕಾಲ. ಈ ಬಾಬ್ತಿನಲ್ಲಿ ಬೈಸಿಕಲ್ಲಿಗಿಂತ ಆರು ನಿಮಿಷ ಅಧಿಕವಾಗಿ ವ್ಯಯವಾಯಿತೆಂದು ಭಾವಿಸಿದರೆ, ಆರು ಕಿಲೋಮೀಟರಿನೊಳಗಿನ ಸಕಲ ಪ್ರಯಾಣಗಳಲ್ಲಿಯೂ ಬೈಸಿಕಲ್ಲೇ ಮೊದಲು ಮುಟ್ಟುವುದು. ಹಳ್ಳಿಯ ತೆರಪಾದ ಹಾದಿಯಲ್ಲಿ ಅದೇ ಆರು ನಿಮಿಷಗಳ ಹಿನ್ನಡೆಯನ್ನು ಕಾರು ಎರಡೂವರೆ ಕಿಲೋಮೀಟರಿನೊಳಗೆ ತುಂಬಿಕೊಳ್ಳುತ್ತದೆ. ಅಲ್ಲಿ ಜಾಗ ಹುಡುಕುವ ಕಷ್ಟವೂ ಇಲ್ಲ.

ಸಿಗ್ನಲ್ಲುಗಳು ಬೈಸಿಕಲ್ಲನ್ನೂ ತಡೆಯವೇ ಎಂದು ಕೇಳಬಹುದು. ತಡೆಯುತ್ತವೆ, ದಿಟ, ಆದರೆ ನಿಂತ ಸಾಲಿನ ಪಕ್ಕದಲ್ಲಿ ಮುಂದಕ್ಕೆ ಸರಿಯಲು ಅದಕ್ಕೆ ಎರಡಡಿಯ ಅವಕಾಶ ಸಾಕು, ಮತ್ತು ಮೊದಲೇ ಮಂದವಾದ ತನ್ನ ವೇಗವನ್ನು ಮರಳಿ ಪಡೆಯಲು ಹೆಚ್ಚು ಹೊತ್ತು ಬೇಡ. ಕಾರಿನ ವಿಳಂಬಕ್ಕೋ ಕಾರುಗಳೇ ಕಾರಣ: ಒಬ್ಬನೇ ಕುಳಿತಿದ್ದರೂ ಅದು ಅಷ್ಟೇ ನೆಲವನ್ನು ಆಕ್ರಮಿಸುವುದರಿಂದ, ಪ್ರತಿಯೊಬ್ಬ ಸವಾರನೂ ತನ್ನ ಹಿಂದಿನವನ ಕಾಲವನ್ನು ಅರಿಯದೆಯೇ ಅಪಹರಿಸುತ್ತಾನೆ. ಇವಾನ್ ಇಲಿಚ್ ಎಂಬ ಚಿಂತಕನು 1974ರಲ್ಲಿ, ಕಾರಿಗಾಗಿ ದುಡಿಯುವ ಗಂಟೆಗಳನ್ನೂ ಕೂಡಿಸಿ, ಅಮೆರಿಕದವನ ನಿಜವಾದ ವೇಗ ಗಂಟೆಗೆ 8 ಕಿಲೋಮೀಟರಿಗೂ ಕಡಮೆಯೆಂದು ಗಣಿಸಿದನು.

ಹೀಗಿರಲು, ಬೈಸಿಕಲ್ಲಿಗೆ ನಮ್ಮ ನಗರಗಳಲ್ಲಿ ನಿರ್ಭಯವಾದ ಪ್ರತ್ಯೇಕ ಪಥವಿಲ್ಲದಿರುವುದು ನನಗೆ ದೊಡ್ಡ ಅನ್ಯಾಯವಾಗಿ ತೋರುತ್ತದೆ. ಭೀತಿಯಿಂದ ತುಳಿಯುವವನಿಗೆ ಉಳಿದ ನಿಮಿಷಗಳಿಂದ ಏನು ಸುಖ? ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಯೋಜನೆ, ಒಂದು ನಿಲ್ದಾಣದಲ್ಲಿ ಬಾಡಿಗೆಗೆ ಪಡೆದ ಬೈಸಿಕಲ್ಲನ್ನು ಇನ್ನೊಂದರಲ್ಲಿ ಒಪ್ಪಿಸುವ ಏರ್ಪಾಡಿನಿಂದ, ಸ್ಥಿರಕಾಲವನ್ನೇ ಇಳಿಸಲು ಯತ್ನಿಸಿತು. ರೈಲುನಿಲ್ದಾಣದಿಂದ ಅರಮನೆಯವರೆಗಿನಂತಹ ಕಿರುದೂರಗಳೇ ಹೆಚ್ಚಾದ ಆ ಊರಿಗೆ ಅದು ಸಹಜವಾಗಿಯೇ ಒಪ್ಪುವ ಉಪಾಯ.