ಮೀನಿನಂತೆ ಈಜುವ ಯಂತ್ರ: ಸಣ್ಣ ಉದ್ದಿಮೆಗೆ ಎಷ್ಟು ಅವಕಾಶ?

ಜಲಚರಗಳ ಈಜನ್ನು ಅನುಕರಿಸುವ ರೋಬಾಟ್‌ಗಳನ್ನು ಇಂದು ಹಲವು ದೇಶಗಳಲ್ಲಿ ರೂಪಿಸಲಾಗುತ್ತಿದೆ. ಸಮುದ್ರವಿಲ್ಲದ ಕೋಲಾರ ಜಿಲ್ಲೆಯ ಉದ್ಯಮಿಗಳಿಗೆ ಇದರಿಂದೇನು ಪ್ರಯೋಜನ ಎಂಬ ಪ್ರಶ್ನೆ ಸಹಜವಾದುದು.

ತಿರುಗುವ ಪ್ರೊಪೆಲ್ಲರ್ ಕೆಸರನ್ನು ಕದಡುತ್ತದೆ, ಜೊಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಈಜುರೆಕ್ಕೆಯಾದರೋ ನೀರನ್ನು ಮೆಲ್ಲನೆ ತಳ್ಳುತ್ತದೆ. ನ್ಯೂಮ್ಯಾಟಿಕ್ ಸಿಲಿಂಡರ್‌ಗಳಿಂದಾಗಿ ನಮ್ಮ ಕಾರ್ಖಾನೆಗಳಿಗೆ ಪರಿಚಿತವಾದ ಜರ್ಮನಿಯ ಫೆಸ್ಟೊ ಸಂಸ್ಥೆಯು ಇದೇ ತತ್ತ್ವದ ಮೇಲೆ 2018ರಲ್ಲಿ ‘ಬಯಾನಿಕ್‌ಫಿನ್‌ವೇವ್’ ಎಂಬ ರೋಬಾಟನ್ನು ಪ್ರದರ್ಶಿಸಿತು. ಇದರ ತೂಕ ಕೇವಲ 430 ಗ್ರಾಂ. ಎರಡು ಪಕ್ಕಗಳ ರೆಕ್ಕೆಗಳು ಸಿಲಿಕೋನ್ ಅಚ್ಚಿನಲ್ಲಿ ತಯಾರಾದವು. ಎರಡು ಸರ್ವೊ ಮೋಟಾರ್‌ಗಳು ಸಣ್ಣ ಸನ್ನೆಗಳ ಮೂಲಕ ಅವುಗಳಲ್ಲಿ ಅಲೆ ಎಬ್ಬಿಸುತ್ತವೆ. ಫಿಜಿ ದ್ವೀಪದ ಹವಳದ ದಿಬ್ಬಗಳಲ್ಲಿ ಈಜಿದ, ಅಮೆರಿಕದ ಎಂ.ಐ.ಟಿ.ಯ ‘ಸೋಫಿ’ ಎಂಬ ಯಂತ್ರಮೀನಿನ ಬಾಲವೂ ಸಿಲಿಕೋನಿನದೇ. ನಮ್ಮ ದೇಶದಲ್ಲಿ ಕೊಚ್ಚಿಯ ‘ಐರೋವ್ ಟ್ಯೂನಾ’ ಬಳಕೆಯಲ್ಲಿದೆ; ಆದರೆ ಅದರ ಹೆಸರು ಮಾತ್ರ ಮೀನಿನದು, ಚಾಲನೆ ಪ್ರೊಪೆಲ್ಲರಿನದು.

ನೀರಿನ ಕೆಲಸ ನಮ್ಮಲ್ಲಿಯೂ ಇದೆ. ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಜಿಲ್ಲೆಯ ಕೆರೆಗಳಿಗೆ ಹರಿದುಬಂದಿದೆ. ಕೆರೆಯ ಹೂಳು ಹಾಗೂ ನೀರಿನ ಗುಣ ಅಳೆಯುವುದು ಒಮ್ಮೆಗೇ ಮುಗಿಯುವ ಕೆಲಸವಲ್ಲ.

ಇಂತಹ ಯಂತ್ರಕ್ಕೆ ಬೇಕಾದವು ಸಿಲಿಕೋನ್ ಭಾಗ, ರಬ್ಬರ್ ಸೀಲ್, ಸಣ್ಣ ಗೇರ್, ನೀರು ನುಗ್ಗದ ಕವಚ. 2013ರಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಆರಂಭವಾದ ನರಸಾಪುರದ ಸುತ್ತಲಿನ ಬಿಡಿಭಾಗ ತಯಾರಕರಿಗೆ ಇವು ತೀರ ಅಪರಿಚಿತವೇನಲ್ಲ. ಆದರೆ ಲೆಕ್ಕ ಮಾತ್ರ ಬೇರೆ. ಉದಾಹರಣೆಗೆ, ಅಚ್ಚಿನ ವೆಚ್ಚ 2 ಲಕ್ಷ ರೂಪಾಯಿ ಎನ್ನೋಣ. 2,000 ಬಿಡಿಭಾಗಗಳಿಗೆ ಹಂಚಿದರೆ ತಲಾ 100 ರೂಪಾಯಿ. 20ಕ್ಕೆ ಹಂಚಿದರೆ ತಲಾ 10,000 ರೂಪಾಯಿ. ಪ್ರಯೋಗದ ಹಂತದ ಆರ್ಡರ್‌ಗಳು ಸಾಮಾನ್ಯವಾಗಿ ಎರಡನೆಯ ಬಗೆಯವು.

ಆದ್ದರಿಂದ ಅಚ್ಚಿನ ವೆಚ್ಚವನ್ನು ಬಿಡಿಭಾಗದ ದರದಲ್ಲಿ ಸೇರಿಸದೆ, ಪ್ರತ್ಯೇಕವಾಗಿ ಮುಂಗಡ ಪಡೆಯುವುದು ಒಳಿತು. ಅಚ್ಚಿನ ಒಡೆತನ ಯಾರದೆಂಬುದು ಲಿಖಿತವಾಗಿರಬೇಕು. ಉದ್ಯಮ್ ನೋಂದಣಿಯನ್ನು ಆರ್ಡರ್ ಒಪ್ಪಿಕೊಳ್ಳುವ ಮುನ್ನವೇ ಮಾಡಿಸತಕ್ಕದ್ದು. 2006ರ ಎಂ.ಎಸ್.ಎಂ.ಇ.ಡಿ. ಕಾಯಿದೆಯ ಪ್ರಕಾರ, ಅತಿಸಣ್ಣ ಹಾಗೂ ಸಣ್ಣ ಘಟಕಗಳಿಗೆ ಹಣ ಪಾವತಿಸುವ ಗಡುವು 45 ದಿನಗಳನ್ನು ಮೀರುವಂತಿಲ್ಲ. ಮೀರಿದಲ್ಲಿ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು.

ಹೊಸ ವಿದ್ಯೆಯನ್ನು ಸ್ವಾಗತಿಸೋಣ. ಆದರೆ ಅದರ ಪ್ರಯೋಗದ ಖರ್ಚು ಸಣ್ಣ ತಯಾರಕನ ದುಡಿಯುವ ಬಂಡವಾಳದಿಂದ ಭರಿಸಲ್ಪಡದಿರಲಿ.