ಬೇವಿನ ಮರದ ಸಾಕ್ಷ್ಯ

ಲಕ್ಷ್ಮಣತೀರ್ಥದ ದಡದ ಹನಗೋಡಿನ ಸೀಮೆಯಲ್ಲಿ, ಹೊಗೆಸೊಪ್ಪಿನ ಸಸಿಮಡಿಗೆ ಹುಳು ಬಿದ್ದಾಗ ಬೇವಿನ ಬೀಜವನ್ನು ಕುಟ್ಟಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ ಎರಚುವ ರೈತನನ್ನು, ಬೇವಿಗೆ ಈ ಗುಣವುಂಟೆಂಬುದನ್ನು ಮೊದಲು ಕಂಡವರಾರೆಂದು ಕೇಳಿದರೆ ಅವನು ಯಾರ ಹೆಸರನ್ನೂ ಹೇಳಲಾರನು. ಹಿರಿಯರು ಮಾಡುತ್ತಿದ್ದುದನ್ನು ನೋಡಿ ಕಲಿತದ್ದೆನ್ನುವನು. ಕರ್ತೃವಿನ ಹೆಸರಾಗಲಿ ಬರವಣಿಗೆಯ ಆಧಾರವಾಗಲಿ ಇಲ್ಲದ ಇಂತಹ ಜ್ಞಾನಕ್ಕೆ ನ್ಯಾಯಪೀಠದ ಮುಂದೆ ಬೆಲೆಯುಂಟೆ?

ಪೇಟೆಂಟ್ ಎಂಬುದು, ಹೊಸದೊಂದನ್ನು ಕಂಡುಹಿಡಿದವನು ಅದರ ಮರ್ಮವನ್ನು ಲೋಕಕ್ಕೆ ತಿಳಿಯಹೇಳಿದುದಕ್ಕೆ ಪ್ರತಿಯಾಗಿ, ಪ್ರಭುತ್ವವು ಅವನಿಗೆ 20 ವರ್ಷಗಳ ಮಟ್ಟಿಗೆ ನೀಡುವ ಏಕಸ್ವಾಮ್ಯ. ಅವನು ಅರ್ಜಿ ಹಾಕುವ ಮೊದಲೇ ಲೋಕದಲ್ಲಿ ವಿದಿತವಾಗಿದ್ದ ವಿದ್ಯೆಯೇ ಪೂರ್ವಜ್ಞಾನ. ಇದ್ದುದನ್ನೇ ತನ್ನದೆನ್ನುವವನಿಗೆ ಏಕಸ್ವಾಮ್ಯ ಸಲ್ಲದು. ಈ ತತ್ತ್ವ ಸರಳವಾದರೂ, ಯಾವುದು ಮೊದಲೇ ಇತ್ತೆಂದು ನಿರ್ಣಯಿಸುವ ಕಾರ್ಯ ಸರಳವಲ್ಲ.

1994ರಲ್ಲಿ ಯೂರೋಪಿನ ಪೇಟೆಂಟ್ ಕಚೇರಿಯು, ಬೇವಿನೆಣ್ಣೆಯಿಂದ ಬೆಳೆಯ ಶಿಲೀಂಧ್ರರೋಗಗಳನ್ನು ತಡೆಯುವ ವಿಧಾನವೊಂದಕ್ಕೆ ಅಮೆರಿಕದ ಕೃಷಿ ಇಲಾಖೆಗೂ ಗ್ರೇಸ್ ಕಂಪನಿಗೂ ಪೇಟೆಂಟನ್ನು ದಯಪಾಲಿಸಿತು. ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘವು ಬೀಜ ಬೇವುಗಳ ಮೇಲಣ ಏಕಸ್ವಾಮ್ಯವನ್ನು ವಿರೋಧಿಸಿ ಬೀದಿಗಿಳಿದಿದ್ದ ದಶಕವದು. 2000ದ ಮೇ ತಿಂಗಳಿನಲ್ಲಿ ಮ್ಯೂನಿಕ್ ನಗರದಲ್ಲಿ ನಡೆದ ವಿಚಾರಣೆಯಲ್ಲಿ, ತಾವು ಬೇವಿನ ಸಾರವನ್ನು ಮೊದಲೇ ತಯಾರಿಸುತ್ತಿದ್ದುದಾಗಿ ಭಾರತದ ಉದ್ಯಮಿಯೊಬ್ಬರು ಸಾಕ್ಷ್ಯ ನುಡಿದರು. ಪೇಟೆಂಟ್ ರದ್ದಾಯಿತು, 2005ರ ಮಾರ್ಚ್ 8ರಂದು ಮೇಲ್ಮನವಿಯೂ ಬಿದ್ದುಹೋಯಿತು.

ಅಮೆರಿಕದಲ್ಲಾದರೋ ಅಂದಿನ ಕಾನೂನಿನಂತೆ, ಪರದೇಶದಲ್ಲಿ ಜನರು ಬರಿದೆ ಬಳಸುತ್ತ ಬಂದುದು ಪೂರ್ವಜ್ಞಾನವೆನಿಸುತ್ತಿರಲಿಲ್ಲ, ಅದು ಅಚ್ಚಾಗಿರಬೇಕಾಗಿತ್ತು. ಗಾಯಕ್ಕೆ ಅರಿಸಿನ ಹಚ್ಚುವುದಕ್ಕೂ 1995ರಲ್ಲಿ ಅಲ್ಲಿ ಪೇಟೆಂಟ್ ದೊರೆತಾಗ, ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಯು ಪ್ರಾಚೀನ ಸಂಸ್ಕೃತ ಗ್ರಂಥವೊಂದನ್ನೂ 1953ರ ವೈದ್ಯಕೀಯ ಲೇಖನವೊಂದನ್ನೂ ಮುಂದಿಟ್ಟು ವಾದಿಸಬೇಕಾಯಿತು. 1997ರಲ್ಲಿ ಅದು ರದ್ದಾದುದು ಅಜ್ಜಿಯರ ಅನುಭವದ ಬಲದಿಂದಲ್ಲ, ಕಾಗದದ ಬಲದಿಂದ. 2013ರ ಮಾರ್ಚ್‌ನಿಂದೀಚೆಗೆ ಮಾತ್ರವೇ ಅಲ್ಲಿಯ ಕಾನೂನು ಈ ಭೇದವನ್ನು ಅಳಿಸಿತು.

ಸಾಕ್ಷ್ಯವಿದ್ದರೆ ಸಾಲದು, ಅದನ್ನು ತೂಗುವ ಮನಸ್ಸೂ ನಿಷ್ಪಕ್ಷಪಾತವಾಗಿರಬೇಕು. 2012ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ, ಆ್ಯಪಲ್ ಮತ್ತು ಸ್ಯಾಮ್ಸಂಗ್ ಕಂಪನಿಗಳ ಮೊಬೈಲ್ ಪೇಟೆಂಟ್ ವ್ಯಾಜ್ಯವನ್ನು ಒಂಬತ್ತು ಮಂದಿ ಸಾಮಾನ್ಯ ನಾಗರಿಕರ ಜ್ಯೂರಿಯು ಮೂರು ದಿನಗಳೊಳಗೆ ತೀರ್ಮಾನಿಸಿ, ಆ್ಯಪಲಿಗೆ ನೂರು ಕೋಟಿ ಡಾಲರಿಗೂ ಮಿಗಿಲಾದ ಪರಿಹಾರವನ್ನು ಕೊಡುವಂತೆ ಸ್ಯಾಮ್ಸಂಗಿಗೆ ವಿಧಿಸಿತು. ಆ್ಯಪಲ್ ತನ್ನವೆಂದ, ಪರದೆಯ ಮೇಲೆ ಬೆರಳಾಡಿಸುವ ತಂತ್ರಗಳು ಮೊದಲೇ ಇದ್ದುವೆಂಬುದು ಸ್ಯಾಮ್ಸಂಗಿನ ವಾದವಾಗಿತ್ತು. ಜ್ಯೂರಿಯ ಮುಖ್ಯಸ್ಥರು ತಾವೇ ಪೇಟೆಂಟ್ ಹೊಂದಿದ್ದವರು. ಹಳೆಯ ತಂತ್ರಾಂಶವು ಆ್ಯಪಲಿನ ಯಂತ್ರದಲ್ಲಿ ಓಡಲಾರದಾದ ಕಾರಣ ಅದು ಪೂರ್ವಜ್ಞಾನವಾಗದೆಂಬ ಅರ್ಥದಲ್ಲಿ ಅವರು ಬಳಿಕ ಮಾತನಾಡಿದರು. ಕಾನೂನು ಇಂತಹ ಷರತ್ತನ್ನು ವಿಧಿಸಿಯೇ ಇಲ್ಲ. ಅವರ ಮೇಲಣ ಪಕ್ಷಪಾತದ ಆರೋಪವನ್ನು ನ್ಯಾಯಾಧೀಶೆ ಲೂಸಿ ಕೋ ಅವರು ತಳ್ಳಿಹಾಕಿದರೆಂಬುದೂ ಸತ್ಯ. ಆದರೆ ಪಕ್ಷಪಾತವೆಂಬುದು ದುರುದ್ದೇಶದಿಂದ ಮಾತ್ರ ಹುಟ್ಟುವುದಲ್ಲ; ಸ್ವಂತ ಅನುಭವವನ್ನೇ ಶಾಸ್ತ್ರವೆಂದು ನಂಬಿದ ಪ್ರಾಮಾಣಿಕನಲ್ಲಿಯೂ ಅದು ಅರಿವಿಲ್ಲದೆ ನೆಲಸುತ್ತದೆ. ಕಾರಣ ಹೇಳಬೇಕಾದ ಕಟ್ಟುಪಾಡು ಜ್ಯೂರಿಗಿಲ್ಲವಾಗಿ, ಅಂತಹ ತಪ್ಪು ಕಣ್ಣಿಗೆ ಬೀಳುವುದು ದುಸ್ತರ.

ನಮ್ಮಲ್ಲಿ ಪೇಟೆಂಟ್ ವ್ಯಾಜ್ಯವನ್ನು ತೀರ್ಮಾನಿಸುವವರು ಕಾರಣಗಳನ್ನು ಬರೆದು ತೀರ್ಪು ಕೊಡಬೇಕಾದ ನ್ಯಾಯಾಧೀಶರು. ನ್ಯಾಯಾಧೀಶರೂ ಮನುಷ್ಯರೇ, ಆದರೆ ಬರೆದಿಟ್ಟ ಕಾರಣವನ್ನು ಮೇಲಿನ ನ್ಯಾಯಾಲಯವು ಪರೀಕ್ಷಿಸಬಲ್ಲದು. ಅದಕ್ಕಿಂತಲೂ ಸಮಾಧಾನದ ಸಂಗತಿಯೊಂದುಂಟು. ತಿದ್ದುಪಡಿಗೊಂಡ ನಮ್ಮ 1970ರ ಪೇಟೆಂಟ್ ಅಧಿನಿಯಮದ 25ನೆಯ ಕಲಮಿನ ಮೇರೆಗೆ, ಪೇಟೆಂಟ್ ಕೊಡುವ ಮುನ್ನವೇ ಯಾರು ಬೇಕಾದರೂ ಅದನ್ನು ವಿರೋಧಿಸಬಹುದು. ಸ್ಥಳೀಯ ಅಥವಾ ಮೂಲನಿವಾಸಿ ಸಮುದಾಯದಲ್ಲಿರುವ ಜ್ಞಾನವು, ಬಾಯಿಮಾತಿನದಾದರೂ, ವಿರೋಧಕ್ಕೆ ಆಧಾರವಾಗಬಹುದು. ನಾಗರಹೊಳೆಯ ಅಂಚಿನ ಹಾಡಿಯಲ್ಲಿ ಜೇನುಕುರುಬರ ಹಿರಿಯನು ಗಿಡದ ಗುಣವನ್ನು ಮೊಮ್ಮಗನಿಗೆ ಹೇಳಿಕೊಡುವಾಗ, ಆ ಮಾತು ಈ ನಾಡಿನ ಶಾಸನದ ದೃಷ್ಟಿಯಲ್ಲಿ ಸಾಕ್ಷ್ಯವಾಗಬಲ್ಲುದು. ಹೇಳುವವರು ಇರುವಾಗಲೇ ನಾವು ಕುಳಿತು ಕೇಳಿ, ಅವರ ಒಪ್ಪಿಗೆ ಪಡೆದು, ಅವರ ಊರಿನ ಹೆಸರಿನೊಡನೆ ಅದನ್ನು ಬರೆದಿಡಬೇಕು.