ಸೇನೆಯಿಂದ ಮರಳಿದವರ ಮನಸ್ಸಿನ ಕಾಯಿಲೆ: ಚಿಕಿತ್ಸೆ ಮತ್ತು ಸೌಲಭ್ಯಗಳು

ನಮ್ಮ ಸಂಘದ ಸದಸ್ಯರ ಪುಸ್ತಕವನ್ನು ತೆರೆದು ನೋಡಿದರೆ ಹೆಸರಿನ ಜೊತೆಗೆ ಸುಬೇದಾರ್, ಹವಾಲ್ದಾರ್, ನಾಯಕ್ ಎಂಬ ಹುದ್ದೆಗಳು ಸಾಲಾಗಿ ಕಾಣಸಿಗುತ್ತವೆ. ಕೊಡಗಿನ ಕಡೆಯ ಮನೆಗಳಲ್ಲಂತೂ ಒಬ್ಬ ಮಗ ತೋಟಕ್ಕೆ, ಒಬ್ಬ ಮಗ ಪಟಾಲಮಿಗೆ ಎಂಬುದು ತಲೆಮಾರುಗಳಿಂದ ನಡೆದುಬಂದದ್ದು. 1971ರ ಯುದ್ಧ ಕಂಡ ಹಿರಿಯರು ನಮ್ಮಲ್ಲಿದ್ದಾರೆ. 1987ರಿಂದ 1990ರವರೆಗೆ ಶ್ರೀಲಂಕೆಯಲ್ಲಿದ್ದ ಶಾಂತಿಪಾಲನಾ ಪಡೆಯವರು, ಸಿಯಾಚಿನ್ ಹಿಮದಲ್ಲಿ ಕಾವಲು ನಿಂತವರು, 1999ರಲ್ಲಿ ಕಾರ್ಗಿಲ್ ಏರಿದವರು, ಕಾಶ್ಮೀರದಲ್ಲಿ ವರ್ಷಗಟ್ಟಲೆ ಗಸ್ತು ತಿರುಗಿದವರು ಇದ್ದಾರೆ. ಮೂವತ್ತೈದು ನಲವತ್ತರ ಪ್ರಾಯಕ್ಕೇ ಪಿಂಚಣಿ ಹೊಂದಿ ಬಂದು ಮೂರು ನಾಲ್ಕು ಎಕರೆ ಕಾಫಿಯನ್ನೋ ಅಡಿಕೆಯನ್ನೋ ನೋಡಿಕೊಂಡಿರುವವರೇ ಹೆಚ್ಚು. ಇವರ ಮೊಣಕಾಲು ನೋವಿಗೆ, ರಕ್ತದೊತ್ತಡಕ್ಕೆ ಔಷಧ ನಡೆಯುತ್ತಿದೆ. ಮನಸ್ಸಿಗೆ ಬಿದ್ದ ಪೆಟ್ಟಿಗೂ ಚಿಕಿತ್ಸೆಯುಂಟೆಂಬುದು ಅನೇಕರಿಗೆ ತಿಳಿಯದು. ಗೊಬ್ಬರದ ಬಿಲ್ಲು ಮಾಡಿಸಲು ಕಛೇರಿಗೆ ಬಂದ ಹೆಣ್ಣುಮಕ್ಕಳು ಕೆಲಸ ಮುಗಿದ ಮೇಲೂ ನಿಂತು, "ನಮ್ಮವರು ರಾತ್ರಿ ನಿದ್ದೆ ಮಾಡುವುದಿಲ್ಲ, ಯಾರಿಗೆ ತೋರಿಸುವುದು?" ಎಂದು ತಗ್ಗಿದ ದನಿಯಲ್ಲಿ ಕೇಳಿದ್ದುಂಟು. ಆದುದರಿಂದ ಈ ಬಾರಿ ಬೋರ್ಡೋ ದ್ರಾವಣದ ಮಾತನ್ನು ಬದಿಗಿಟ್ಟು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ಸೇನೆಯಲ್ಲಿದ್ದವರೆಲ್ಲ ಮನೋರೋಗಿಗಳೆಂದು ಯಾರೂ ತಿಳಿಯತಕ್ಕದ್ದಲ್ಲ. ಅಮೆರಿಕದಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದವರ ಬಗ್ಗೆ ದೊಡ್ಡದೊಂದು ಸಮೀಕ್ಷೆ ನಡೆಯಿತು. ಯುದ್ಧ ಮುಗಿದು ಆಗಲೇ ಹತ್ತು ವರ್ಷಕ್ಕೂ ಮೇಲಾಗಿತ್ತು. ಅಲ್ಲಿ ಸೇವೆ ಮಾಡಿದ ಗಂಡಸರಲ್ಲಿ ನೂರಕ್ಕೆ ಸುಮಾರು 15 ಮಂದಿ ಆ ಹೊತ್ತಿನಲ್ಲೂ ಕಾಯಿಲೆಯಿಂದ ನರಳುತ್ತಿದ್ದರು; ಸುಮಾರು 30 ಮಂದಿ ಜೀವಮಾನದಲ್ಲಿ ಎಂದಾದರೂ ಅದನ್ನು ಅನುಭವಿಸಿದ್ದರು. ಅಂದರೆ ಹೆಚ್ಚಿನವರು ಕಾಯಿಲೆಯಿಲ್ಲದೆ ಮರಳಿದರು, ಬಿದ್ದವರಲ್ಲಿ ಅರ್ಧದಷ್ಟು ಮಂದಿ ಚೇತರಿಸಿಕೊಂಡರು, ಉಳಿದವರಿಗೆ ಹತ್ತು ವರ್ಷವಾದರೂ ಅದು ಬಿಡಲಿಲ್ಲ. ನಾವು ಬರೆಯುತ್ತಿರುವುದು ಈ ಕೊನೆಯವರ ಸಲುವಾಗಿ.

ಕಾಯಿಲೆಗೆ ವೈದ್ಯರು ಕೊಟ್ಟಿರುವ ಹೆಸರು ಆಘಾತೋತ್ತರ ಒತ್ತಡದ ಕಾಯಿಲೆ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಪಿ.ಟಿ.ಎಸ್.ಡಿ. ಎನ್ನುತ್ತಾರೆ. ಪ್ರಾಣಕ್ಕೆ ಅಪಾಯ ಬಂದಾಗ ಮೈಯೆಲ್ಲ ಎಚ್ಚರವಾಗುವುದು ಸಹಜ ಧರ್ಮ. ಆ ಎಚ್ಚರವೇ ಸೈನಿಕನನ್ನು ಉಳಿಸುತ್ತದೆ. ಅಪಾಯ ಕಳೆದ ಮೇಲೆ ಅದು ಇಳಿಯಬೇಕು. ಕೆಲವರಲ್ಲಿ ಇಳಿಯುವುದಿಲ್ಲ. ಪಕ್ಕದ ತೋಟದವರು ಆನೆ ಓಡಿಸಲು ಗರ್ನಾಲು ಸಿಡಿಸಿದರೆ ಮನೆಯವರೆಲ್ಲ ಆನೆ ಎಲ್ಲಿಗೆ ಬಂತೆಂದು ಕೇಳುತ್ತಾರೆ. ಇವರು ಮಾತ್ರ ಗೋಡೆಗೆ ಒರಗಿ ಬೆವರುತ್ತಾರೆ. ಅದೇ ಘಟನೆ ಕನಸಿನಲ್ಲಿ ಮತ್ತೆ ಮತ್ತೆ ಬರುತ್ತದೆ. ಹಗಲಿನಲ್ಲೂ, ಡೀಸೆಲಿನ ವಾಸನೆಗೋ ಹೆಲಿಕಾಪ್ಟರಿನ ಸದ್ದಿಗೋ, ಅಲ್ಲಿಯೇ ಇದ್ದಂತೆ ಆಗುತ್ತದೆ. ಅದನ್ನು ನೆನಪಿಸುವ ಜನರನ್ನೂ ಸ್ಥಳಗಳನ್ನೂ ತಪ್ಪಿಸುತ್ತಾ ಹೋಗಿ ಮದುವೆ, ಹಬ್ಬ, ಸಂತೆ ಯಾವುದೂ ಬೇಡವಾಗುತ್ತದೆ. ಸತ್ತ ಜೊತೆಗಾರನಿಗೆ ಬದಲು ತಾನು ಸಾಯಬೇಕಿತ್ತೆಂಬ ಅಪರಾಧಭಾವ, ಹೆಂಡತಿ ಮಕ್ಕಳ ಮೇಲೂ ಪ್ರೀತಿ ಹುಟ್ಟದ ಮರಗಟ್ಟಿದ ಮನಸ್ಸು, ಸಣ್ಣ ಮಾತಿಗೆ ಸಿಡಿಯುವ ಕೋಪ, ರಾತ್ರಿ ಎರಡು ಮೂರು ಸಲ ಎದ್ದು ಬಾಗಿಲ ಅಗುಳಿ ನೋಡುವುದು, ಇವೆಲ್ಲ ಸೇರಿ ಒಂದು ತಿಂಗಳಿಗೂ ಮೇಲ್ಪಟ್ಟು ಉಳಿದು ಬಾಳಿಗೆ ಅಡ್ಡಿಯಾದರೆ ವೈದ್ಯರನ್ನು ಕಾಣಬೇಕು. ಕೆಲವರಲ್ಲಿ ನಿವೃತ್ತಿಯಾಗುವವರೆಗೆ ಏನೂ ತೋರುವುದಿಲ್ಲ. ಪಟಾಲಮಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೆಲಸವೂ ಜೊತೆಗಾರರೂ ಇರುತ್ತಾರೆ. ಮಳೆಗಾಲದ ತೋಟದಲ್ಲಿ ಜೊತೆಗೆ ಇರುವುದು ಜಿಗಣೆ ಮಾತ್ರ.

ಇದನ್ನು ಹೇಡಿತನವೆಂದು ಕರೆದ ಕಾಲವೂ ಒಂದಿತ್ತು. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಥ ರೋಗಿಗಳ ವಿಷಯ ಬರೆದು 'ಶೆಲ್ ಶಾಕ್' ಎಂಬ ಹೆಸರನ್ನು ಬಳಕೆಗೆ ತಂದರು. ಆದರೂ ಆ ಯುದ್ಧದಲ್ಲಿ ಪಲಾಯನ, ಹೇಡಿತನ ಮುಂತಾದ ಆಪಾದನೆಗಳ ಮೇಲೆ ಬ್ರಿಟಿಷ್ ಸೇನೆ ತನ್ನವರನ್ನೇ ನಿಲ್ಲಿಸಿ ಗುಂಡಿಕ್ಕಿತು. ಹಾಗೆ ಸತ್ತವರಲ್ಲಿ ಕಾಯಿಲೆಬಿದ್ದವರೂ ಇದ್ದರೆಂಬುದನ್ನು ಒಪ್ಪಿ 306 ಮಂದಿಗೆ ಅಲ್ಲಿನ ಸರ್ಕಾರ ಮರಣೋತ್ತರ ಕ್ಷಮಾದಾನ ಕೊಟ್ಟದ್ದು 2006ರಲ್ಲಿ. ತೊಂಬತ್ತು ವರ್ಷ ಹಿಡಿಯಿತು! ವೈದ್ಯರ ಅಧಿಕೃತ ಪಟ್ಟಿಯಲ್ಲಿ ಇಂದಿನ ಹೆಸರು ಸೇರಿದ್ದು 1980ರಲ್ಲಿ, ಅಮೆರಿಕದಲ್ಲಿ. ವಿಯೆಟ್ನಾಂನಿಂದ ಮರಳಿದವರೂ ಅವರ ಪರ ನಿಂತ ವೈದ್ಯರೂ ಪಟ್ಟುಹಿಡಿದದ್ದರ ಫಲವದು.

ಅದಕ್ಕೆ ಒಂದು ವರ್ಷ ಮೊದಲು, 1979ರಲ್ಲಿ, ಅಲ್ಲಿ ಆರಂಭವಾದ 'ವೆಟ್ ಸೆಂಟರ್' ಎಂಬ ಏರ್ಪಾಡು ಸಹಕಾರಿಗಳಾದ ನಮಗೆ ಬಹಳ ಹಿಡಿಸಿತು. ದೊಡ್ಡಾಸ್ಪತ್ರೆಗೆ ಹೋಗಲು ಮಾಜಿ ಸೈನಿಕರು ಒಪ್ಪುತ್ತಿರಲಿಲ್ಲ. ಆದ್ದರಿಂದ ಊರಿನ ಪೇಟೆಬೀದಿಯಲ್ಲೇ ಅಂಗಡಿಯಂಥ ಮಳಿಗೆಗಳನ್ನು ಹಿಡಿದು, ಅಲ್ಲಿ ಮಾತನಾಡಿಸುವವರನ್ನಾಗಿ ಬಹುಮಟ್ಟಿಗೆ ಯುದ್ಧ ಕಂಡವರನ್ನೇ ನೇಮಿಸಿದರು. ಮಾಜಿ ಸೈನಿಕ ಮಾಜಿ ಸೈನಿಕನ ಮುಂದೆ ಬಾಯಿಬಿಡುತ್ತಾನೆ. ಅವರ ಮನೆಯವರಿಗೂ ಅಲ್ಲಿ ಸಲಹೆಯುಂಟು. ಇಂದಿಗೂ ಆ ಕೇಂದ್ರಗಳು ನಡೆಯುತ್ತಿವೆ.

ನಮ್ಮವರು ಏಕೆ ಮುಚ್ಚಿಡುತ್ತಾರೆ? ಸೇನೆಯಲ್ಲಿದ್ದವರಿಗೆ 'ಶೇಪ್' ಎಂಬ ವೈದ್ಯಕೀಯ ಶ್ರೇಣಿ ಗೊತ್ತೇ ಇದೆ. ಅದರ ಇಂಗ್ಲಿಷಿನ ಐದು ಅಕ್ಷರಗಳಲ್ಲಿ ಮೊದಲನೆಯದೇ ಮನಸ್ಸಿಗೆ ಸೇರಿದ್ದು. ಕೆಟಗರಿ ಇಳಿದರೆ ಬಡ್ತಿಗೆ ಕುತ್ತು ಎಂಬ ಅಂಜಿಕೆಯಿಂದ ಸೇವೆಯಲ್ಲಿದ್ದಾಗ ನಿದ್ದೆಗೆಟ್ಟದ್ದನ್ನು ಯಾರೂ ಹೇಳುವುದಿಲ್ಲ. ಆ ಅಂಜಿಕೆಗೆ ಅಂದು ಕಾರಣವಿತ್ತು. ಪಿಂಚಣಿ ಹೊಂದಿ ಬಂದ ಮೇಲೆ ಅದೇ ಅಂಜಿಕೆಯನ್ನು ಹೊತ್ತು ತಿರುಗುವುದು ಮಾತ್ರ ನಿಷ್ಕಾರಣ. ಪಿಂಚಣಿ ನಿಗದಿಯಾಗಿರುವುದು ಸೇವೆಯ ಅವಧಿ, ಹುದ್ದೆ, ಸಂಬಳಗಳ ಮೇಲೆ. ಮನೋವೈದ್ಯರಲ್ಲಿ ಚಿಕಿತ್ಸೆ ಪಡೆದಿರೆಂದು ಅದರಲ್ಲಿ ಒಂದು ರೂಪಾಯಿಯೂ ಕಡಿತವಾಗದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯ ವಿಷಯ ಗೋಪ್ಯವಾಗಿರಬೇಕೆಂಬುದನ್ನು ಹಕ್ಕಾಗಿಯೇ ಮಾಡಿದೆ. ವಿಮಾ ಕಂಪನಿಗಳು ಮೈಯ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡತಕ್ಕದ್ದೆಂದೂ ಅದರಲ್ಲಿದೆ.

ಇನ್ನು ಚಿಕಿತ್ಸೆ. ಇಂದು ಹೆಚ್ಚು ಗುಣ ಕಂಡಿರುವುದು ಮಾತ್ರೆಗಿಂತ ಮಾತಿನ ಚಿಕಿತ್ಸೆಯಲ್ಲಿ. ಮಾತೆಂದರೆ ಬುದ್ಧಿ ಹೇಳುವುದಲ್ಲ. ಒಂದು ವಿಧಾನದಲ್ಲಿ ರೋಗಿಯು ನಡೆದ ಘಟನೆಯನ್ನು ತರಬೇತಾದ ಚಿಕಿತ್ಸಕರ ಮುಂದೆ ಆದಿಯಿಂದ ಅಂತ್ಯದವರೆಗೆ ಮತ್ತೆ ಮತ್ತೆ ಹೇಳುತ್ತಾನೆ. ಹೇಳಿದ್ದರ ಧ್ವನಿಮುದ್ರಣವನ್ನು ಮನೆಯಲ್ಲಿ ಕೇಳುತ್ತಾನೆ. ತಪ್ಪಿಸಿಕೊಂಡು ತಿರುಗುತ್ತಿದ್ದ ಸಂತೆ, ಬಸ್ಸು, ಜನಜಂಗುಳಿಗೆ ಸ್ವಲ್ಪ ಸ್ವಲ್ಪವಾಗಿ ಮರಳುತ್ತಾನೆ. ನೆನಪು ಅಳಿಯುವುದಿಲ್ಲ, ಆದರೆ ಅದರ ಕಚ್ಚು ಕಡಿಮೆಯಾಗುತ್ತದೆ. ವಾರಕ್ಕೊಂದರಂತೆ ಎಂಟರಿಂದ ಹದಿನೈದು ಭೇಟಿಗಳು ಬೇಕು. ಮತ್ತೊಂದು ವಿಧಾನದಲ್ಲಿ, ಸುಮಾರು ಹನ್ನೆರಡು ಭೇಟಿಗಳಲ್ಲಿ, 'ತಪ್ಪು ನನ್ನದೇ' ಎಂಬಂಥ ಗಟ್ಟಿಯಾಗಿ ಕೂತ ಎಣಿಕೆಗಳನ್ನು ತೆಗೆದು ಬರೆದು ಪರಿಶೀಲಿಸುತ್ತಾರೆ. ಕಣ್ಣಿನ ಚಲನೆಯನ್ನು ಬಳಸುವ ಇ.ಎಂ.ಡಿ.ಆರ್. ಎಂಬ ಮೂರನೆಯದೂ ಉಂಟು. ಮೊದಲ ಕೆಲವು ವಾರ ಕಷ್ಟ ಹೆಚ್ಚಿದಂತೆ ಕಾಣಬಹುದು. ಅನೇಕರು ಬಿಟ್ಟುಬಿಡುವುದು ಅಲ್ಲಿಯೇ. ಬಿಡಬಾರದು.

ಮಾತ್ರೆಗಳಲ್ಲಿ ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಎಂಬವನ್ನು ವೈದ್ಯರು ಬರೆಯುತ್ತಾರೆ. ಗುಣ ಕಾಣಲು ನಾಲ್ಕಾರು ವಾರ ಬೇಕು. ಇವು ಚಟ ಹಿಡಿಸುವಂಥವಲ್ಲ, ಆದರೆ ಗುಣವಾಯಿತೆಂದು ತಾನಾಗಿ ಒಮ್ಮೆಗೇ ನಿಲ್ಲಿಸಬಾರದು. ಪೇಟೆಯ ಅಂಗಡಿಯಲ್ಲಿ ಕೇಳಿ ತರುವ ನಿದ್ದೆಮಾತ್ರೆಯ ವಿಷಯ ಬೇರೆ. ಅಲ್ಪ್ರಜೋಲಂ, ಡಯಾಜಿಪಾಂ ಜಾತಿಯ ಮಾತ್ರೆಗಳು ಚಟ ಹಿಡಿಸುತ್ತವೆ, ಈ ಕಾಯಿಲೆಯನ್ನು ವಾಸಿಮಾಡುವುದೂ ಇಲ್ಲ. ಅಮೆರಿಕದ ಮಾಜಿ ಸೈನಿಕರ ಇಲಾಖೆ ತನ್ನ 2023ರ ಮಾರ್ಗಸೂಚಿಯಲ್ಲಿ ಈ ಕಾಯಿಲೆಗೆ ಅವನ್ನು ಕೊಡಬೇಡಿರೆಂದೇ ಹೇಳಿದೆ. ಅವುಗಳ ಮೇಲೆ ಮದ್ಯವೂ ಸೇರಿದರೆ ಉಸಿರಿಗೇ ಅಪಾಯ.

ಮದ್ಯದ ಮಾತು ಬಂದದ್ದರಿಂದ ಬಿಡಿಸಿಯೇ ಹೇಳುತ್ತೇವೆ. ಕ್ಯಾಂಟೀನಿನ ರಮ್ಮು ನಮ್ಮ ಕಡೆ ಗೌರವದ ವಸ್ತು. ಹಬ್ಬದ ದಿನ ಎರಡು ಪೆಗ್ಗು ಕುಡಿಯುವವರನ್ನು ಕುರಿತು ನಮ್ಮ ತಕರಾರಿಲ್ಲ. ನಿದ್ದೆ ಬರಲೆಂದು ದಿನವೂ ಕುಡಿಯುವುದು ಬೇರೆ. ಮದ್ಯ ಮೊದಲು ನಿದ್ದೆ ತಂದರೂ ನಡುರಾತ್ರಿಯ ಮೇಲೆ ಅದನ್ನು ಕೆಡಿಸುತ್ತದೆ, ಕನಸು ಜೋರಾಗುತ್ತದೆ, ಮರುದಿನ ಇನ್ನೊಂದು ಪೆಗ್ಗು ಹೆಚ್ಚು ಬೇಕಾಗುತ್ತದೆ. ಮನೆಯವರಿಗೆ ಒಂದು ಎಚ್ಚರಿಕೆ: ವರ್ಷಗಟ್ಟಲೆ ಹೆಚ್ಚಾಗಿ ಕುಡಿದವರ ಬಾಟಲಿಯನ್ನು ಒಂದೇ ದಿನ ಕಿತ್ತಿಡಬೇಡಿ. ನಿಲ್ಲಿಸಿದ ಎರಡು ಮೂರು ದಿನಗಳೊಳಗೆ ನಡುಕ, ಫಿಟ್ಸ್, ಭ್ರಾಂತಿ ಬಂದು ಪ್ರಾಣಾಪಾಯವಾಗಬಹುದು. ವೈದ್ಯರ ಕಣ್ಣೆದುರಿನಲ್ಲೇ ಬಿಡಿಸತಕ್ಕದ್ದು.

ಎಲ್ಲಿಗೆ ಹೋಗಬೇಕು? ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೆ 2003ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆಯಿದೆ. ಮಡಿಕೇರಿಯಲ್ಲಿ ಅದರ ಪಾಲಿಕ್ಲಿನಿಕ್ ಉಂಟು. ಅಲ್ಲಿನ ವೈದ್ಯರು ನೋಡಿ, ಅಗತ್ಯವಿದ್ದರೆ ಮನೋವೈದ್ಯರಿರುವ ಸೇನಾ ಆಸ್ಪತ್ರೆಗೋ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೋ ಬರೆದುಕೊಡುತ್ತಾರೆ. ಹೃದಯ, ಮೂತ್ರಪಿಂಡಗಳಿಗೆ ಮಾತ್ರ ಈ ಕಾರ್ಡು ಎಂಬ ತಪ್ಪು ತಿಳಿವಳಿಕೆ ನಮ್ಮ ಸದಸ್ಯರಲ್ಲಿ ಕಂಡಿದ್ದೇವೆ. ಮನಸ್ಸಿನ ಕಾಯಿಲೆಗೂ ಸಲ್ಲುತ್ತದೆ. ಹೆಂಡತಿ ಮತ್ತು ಅವಲಂಬಿತರಿಗೂ ಸಲ್ಲುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ: ಹತ್ತು ವರ್ಷ ಇಂಥವರೊಡನೆ ಬಾಳಿದ ಹೆಂಗಸಿಗೂ ಚಿಕಿತ್ಸೆ ಬೇಕಾಗಿರುತ್ತದೆ, ಕೇಳುವವರಿರುವುದಿಲ್ಲ.

ಪಿಂಚಣಿಗೆ ಮೊದಲೇ ಸೇವೆ ಬಿಟ್ಟು ಬಂದವರಿಗೆ ಸಾಮಾನ್ಯವಾಗಿ ಈ ಕಾರ್ಡು ದೊರೆಯದು. ಅವರಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಈ ಪದ್ಧತಿಯ ಮೊದಲ ಪ್ರಯೋಗವನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಗೊತ್ತುಪಡಿಸಿದ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು 2014ರಲ್ಲಿ ಆರಂಭವಾಯಿತು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರವೆಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿರಿ. ಕಠಿಣವಾದುವಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದ್ದೇ ಇದೆ.

ಆಸ್ಪತ್ರೆಯ ಮೆಟ್ಟಿಲು ಹತ್ತಲೊಲ್ಲದವರಿಗೆ ಟೆಲಿಫೋನ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಹಗಲೂ ರಾತ್ರಿಯೂ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಹೆಸರು ಹೇಳಲೇಬೇಕೆಂದಿಲ್ಲ. ಸೇನೆಯವರಿಗಾಗಿಯೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ಪ್ರತ್ಯೇಕ ಘಟಕವೂ 2023ರ ಡಿಸೆಂಬರಿನಲ್ಲಿ ತೆರೆಯಿತು.

ಈಗ ಮನೆಯೊಳಗಿನ ಒಂದು ವಿಷಯ. ಕೊಡಗಿನಲ್ಲಿ ಕೊಡವರ ಮತ್ತು ಜಮ್ಮಾ ಹಿಡುವಳಿದಾರರ ಕೋವಿಗೆ ಪರವಾನಗಿಯಿಂದ ವಿನಾಯಿತಿಯಿದೆ. ಕೈಲ್ ಪೊಳ್ದ್‌ಗೆ ಅದನ್ನು ಪೂಜಿಸುತ್ತಾರೆ. ಎಲ್ಲ ಬೆಳೆಗಾರರ ಗೋದಾಮಿನಲ್ಲೂ ಕೀಟನಾಶಕವಿರುತ್ತದೆ. ಮನೆಯಲ್ಲೊಬ್ಬರು 'ಇನ್ನು ಸಾಕು' ಎಂಬಂತೆ ಮಾತನಾಡುತ್ತಿದ್ದರೆ, ಆಸ್ತಿಪತ್ರಗಳನ್ನು ಇದ್ದಕ್ಕಿದ್ದಂತೆ ಜೋಡಿಸಿ ಹಂಚತೊಡಗಿದರೆ, ಆ ದಿನವೇ ಕೋವಿಯನ್ನು ಬೀಗದಲ್ಲಿರಿಸಿ, ತೋಟೆಗಳನ್ನು ಬೇರೆಡೆ ಇಟ್ಟು, ಬೀಗದ ಕೈ ಮನೆಯ ಇನ್ನೊಬ್ಬರ ಸೊಂಟದಲ್ಲಿರಲಿ. ಕಾನೂನಿನಂತೆ ಪೊಲೀಸ್ ಠಾಣೆಯಲ್ಲೋ ಪರವಾನಗಿಯುಳ್ಳ ಕೋವಿ ವ್ಯಾಪಾರಿಯಲ್ಲೋ ಕೆಲವು ತಿಂಗಳು ಠೇವಣಿಯಿಡಲೂ ಬರುತ್ತದೆ. ಕೀಟನಾಶಕಕ್ಕೂ ಇದೇ ನಿಯಮ. ಸಾಯುವ ಯೋಚನೆ ಬಹಳ ಸಲ ಕೆಲವು ಗಂಟೆಗಳ ಉಬ್ಬರ. ಆ ಹೊತ್ತಿನಲ್ಲಿ ಸಾಧನ ಕೈಗೆ ಸಿಗದಿದ್ದರೆ ಮನುಷ್ಯ ಉಳಿಯುತ್ತಾನೆ. "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಕೇಳಿರಿ, ಒಂಟಿಯಾಗಿ ಬಿಡಬೇಡಿರಿ. ಪೊಲೀಸ್ ಕೇಸಾದೀತೆಂದು ಆಸ್ಪತ್ರೆಗೆ ಒಯ್ಯಲು ಹಿಂಜರಿಯುವವರಿದ್ದಾರೆ. ಆತ್ಮಹತ್ಯೆಯ ಯತ್ನಕ್ಕೆ ಶಿಕ್ಷೆ ವಿಧಿಸುತ್ತಿದ್ದ ಹಳೆಯ ದಂಡಸಂಹಿತೆಯ 309ನೆಯ ಕಲಮು 2024ರ ಜುಲೈ 1ರಿಂದ ಇಲ್ಲವಾಗಿದೆ. 2017ರ ಕಾಯಿದೆಯಂತೆ ಅಂಥವರಿಗೆ ಆರೈಕೆ ಕೊಡಿಸುವುದು ಸರ್ಕಾರದ ಹೊಣೆ.

ಪಾಲಿಕ್ಲಿನಿಕ್‌ಗೆ ಹೋಗುವಾಗ ಇ.ಸಿ.ಎಚ್.ಎಸ್. ಕಾರ್ಡು, ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶದ ನಕಲು, ಹಳೆಯ ಆಸ್ಪತ್ರೆಯ ಕಾಗದಗಳಿದ್ದರೆ ಅವು, ಇಷ್ಟನ್ನು ಒಯ್ಯಬೇಕು. ಕಾರ್ಡು ಇನ್ನೂ ಮಾಡಿಸಿಕೊಳ್ಳದವರು ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಛೇರಿಯಲ್ಲಿ ವಿಚಾರಿಸಬಹುದು. ಸಾಧ್ಯವಾದರೆ ಜೊತೆಗೆ ಇನ್ನೊಬ್ಬ ಮಾಜಿ ಸೈನಿಕರನ್ನು ಕರೆದುಕೊಂಡು ಹೋಗಿರಿ. ಜೊತೆಗಾರರು ಬೇಕಾದವರು ನಮ್ಮ ಕಛೇರಿಗೆ ತಿಳಿಸಿದರೆ, ಹೋಗಿ ಬರಲು ಒಪ್ಪಿರುವ ಸದಸ್ಯರನ್ನು ಗೊತ್ತುಮಾಡಿಕೊಡುತ್ತೇವೆ. ಕಾರಣವನ್ನು ನಾವು ಕೇಳುವುದಿಲ್ಲ, ಪುಸ್ತಕದಲ್ಲಿ ಬರೆದುಕೊಳ್ಳುವುದೂ ಇಲ್ಲ.